ಕಂಬದ ಮೇಲಿನ ಕಣ್ಣಿನ ವಿಚಾರಣೆ

ದೀವಿಹಲಸು ಬಲಿತು, ಕೀಳುವವರಿಗೂ ಬೇಜಾರಾಗಿ, ತಾನಾಗಿಯೇ ಧೊಪ್ಪನೆ ಉದುರುತ್ತಿದ್ದ ಮಳೆಗಾಲ ಅದು. ಮಧ್ಯಾಹ್ನದ ಮಳೆ ಹೊಯ್ದು ನಿಂತು, ಬಿಸಿಲು ಸಮುದ್ರದ ಕಡೆ ವಾಲತೊಡಗಿದ ಹೊತ್ತಿಗೆ ಸಾಲೆಫುಟಿ ಊರಿನ ನಡುಬಯಲಿನಲ್ಲಿ ಕಂಬ ನೆಟ್ಟಾಗಿತ್ತು. ಕಂಬದ ತುದಿಗೆ ಬೋರಲು ಹಾಕಿದ ತೆಂಗಿನ ಚಿಪ್ಪಿನಂಥ ಒಂದು ಬಿಳಿ ಗುಂಡು. ಗುಂಡಿನೊಳಗೆ ಒಂದು ಕರಿ ಕಣ್ಣು.

ಕಣ್ಣನ್ನು ತಂದವನು ರಾಜಧಾನಿ ಆಪಿಯಾದ ಗ್ರಾಮ ರಕ್ಷಣಾ ಕಚೇರಿಯ ಎಟೆವಾಟಿ. ಇಸ್ತ್ರಿ ಮಾಡಿದ ಅಂಗಿ, ತೆಳ್ಳಗಿನ ಮೀಸೆ, ದೋಣಿಯಲ್ಲಿ ಬಂದ ವಾಂತಿಯ ಸುಸ್ತು ಇನ್ನೂ ಮುಖದ ಮೇಲಿತ್ತು. ಆ ಕಚೇರಿ ಹುಟ್ಟಿಯೇ ಹೆಚ್ಚು ದಿನವಾಗಿರಲಿಲ್ಲ. ಹಂದಿ ಕದಿಯುವವರನ್ನು, ತೋಟದ ಕೆಸುವಿನ ಗಡ್ಡೆ ಕೀಳುವವರನ್ನು ಹಿಡಿಯಲು ಊರಿಗೊಂದು ಕ್ಯಾಮೆರಾ ಎಂದು ಸರಕಾರ ತೀರ್ಮಾನ ಮಾಡಿತ್ತು. ಬೇಕೋ ಬೇಡವೋ ಎಂದು ಊರನ್ನು ಯಾರೂ ಕೇಳಿರಲಿಲ್ಲ. ಎಲ್ಲಿ ನೆಡಬೇಕು ಎಂದು ಮಾತ್ರ ಕೇಳಿದ್ದರು. ಹಂದಿಮರಿ ಕಳೆದುಕೊಂಡು ಹೊಟ್ಟೆ ಉರಿಸಿಕೊಳ್ಳುತ್ತಿದ್ದ ಸೆಪುಲೋನ ಎಂಬ ಯಜಮಾನ, ನಡುಬಯಲಲ್ಲೇ ನೆಡಿ, ಊರೆಲ್ಲ ಕಾಣಲಿ ಎಂದಿದ್ದ. ಹಾಗೇ ಆಯಿತು.

ಬಂದವರನ್ನು ಬರಿಗೈಯಲ್ಲಿ ಕೂರಿಸುವ ಊರಲ್ಲ ಅದು. ಯಜಮಾನರೆಲ್ಲ ಸಭೆಮನೆಯಲ್ಲಿ ಅವರವರ ಕಂಬಕ್ಕೆ ಒರಗಿ ಕೂತರು. ಅತಿಥಿಗಳಿಗೆ ಕುಡಿಯಲು ಕೊಡುವ ಆವ ಗಿಡದ ಬೇರು ಕುಟ್ಟಿ, ನೀರಲ್ಲಿ ಹಿಂಡಿ, ದೊಡ್ಡ ಮರದ ಬಟ್ಟಲಲ್ಲಿ ಕಲಸಿದರು. ಸ್ವಾಗತದ ಮಾತಾಡಲು ಎದ್ದವನು ಮೊಲಿಯೊ.

ಮೊಲಿಯೊ ಊರಿನ ಮಾತುಗಾರ. ಊರಿಗೆ ಬಾಯಿ ಎಂದರೆ ಅವನೇ. ಮದುವೆ, ಸಾವು, ಚರ್ಚಿನ ಹಬ್ಬ, ಪಕ್ಕದೂರಿನ ಜಗಳ, ಯಾವುದಾದರೂ ಸರಿ, ತನ್ನೆತ್ತರದ ಕೋಲನ್ನು ನೆಲಕ್ಕೂರಿ, ತೆಂಗಿನ ನಾರಿನ ಚವರಿಯನ್ನು ಹೆಗಲ ಮೇಲೆ ಎಸೆದುಕೊಂಡು ಅವನು ನಿಂತರೆ ಮಕ್ಕಳು ಅಳುವುದನ್ನೂ ನಿಲ್ಲಿಸುತ್ತಿದ್ದವು. ಆ ಕೋಲು ಅವನ ಅಪ್ಪನ ಕೈಯಲ್ಲಿತ್ತು, ಅದಕ್ಕೂ ಮುಂಚೆ ಅಜ್ಜನ ಕೈಯಲ್ಲಿ. ಈಗ ಅವನ ಮಂಡಿ ಸವೆದಿತ್ತು, ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು, ಹಲ್ಲು ಅರ್ಧ ಉದುರಿತ್ತು. ಆದರೆ ಕೋಲು ಹಿಡಿದಾಗ ಅವೆಲ್ಲ ಬೇರೆ ಯಾರದೋ ಕಷ್ಟದಂತೆ ದೂರ ನಿಲ್ಲುತ್ತಿದ್ದವು.

ಅತಿಥಿಯ ಮನೆತನ ಹೇಳದೆ ಸ್ವಾಗತ ಮಾಡುವುದು ಹೇಗೆ? ಮೊಲಿಯೊ ಎಟೆವಾಟಿಯ ಕಿವಿಯಲ್ಲಿ ಕ್ಯಾಮೆರಾದ ಕುಲ ಯಾವುದು, ಊರು ಯಾವುದು ಎಂದು ವಿಚಾರಿಸಿದ. ಯಾವುದೋ ದೇಶದ ಕಾರ್ಖಾನೆಯಲ್ಲಿ ಆದದ್ದು ಎಂದ ಎಟೆವಾಟಿ. ಅಷ್ಟೇ ಸಾಕಾಯಿತು. ಕಡಲಾಚೆಯ ದೊಡ್ಡ ಮನೆಯಲ್ಲಿ ಹುಟ್ಟಿದವನೇ, ರೆಪ್ಪೆಯಿಲ್ಲದವನೇ, ನಿದ್ದೆಯನ್ನು ಗೆದ್ದವನೇ ಎಂದು ಮೊಲಿಯೊ ಶುರುಮಾಡಿ, ಮಳೆ ಮತ್ತೊಮ್ಮೆ ಬಂದು ಹೋಗುವ ತನಕ ಹೊಗಳಿದ. ಬಟ್ಟಲು ಹಂಚುವಾಗ ಒಬ್ಬೊಬ್ಬರ ಹೆಸರು ಕೂಗುವುದು ಪದ್ಧತಿ. ಯಾರನ್ನೂ ಬಿಟ್ಟಂತಾಗಬಾರದೆಂದು ಅವನು ಕಂಬದ ಮೇಲಿನವನ ಹೆಸರಿನಲ್ಲೂ ಒಂದು ಬಟ್ಟಲು ಕೂಗಿದ. ಎಟೆವಾಟಿ ಮೇಲೆ ನೋಡಿ, ಕೆಳಗೆ ನೋಡಿ, ಕೊನೆಗೆ ಅದರ ಪಾಲನ್ನೂ ತಾನೇ ಕುಡಿದ. ಎಲ್ಲರೂ ಸಂತೋಷಪಟ್ಟರು. ಎಟೆವಾಟಿ ಆವತ್ತೇ ಸಂಜೆಯ ದೋಣಿಗೆ ಹೊರಟುಹೋದ. ಕಣ್ಣು ಉಳಿಯಿತು.

ಆಮೇಲೆ ಪ್ರಾರ್ಥನೆಯ ಗಂಟೆ ಬಾರಿಸಿತು.

ಗಂಟೆ ಎಂದರೆ ಮಾವಿನ ಕೊಂಬೆಗೆ ನೇತುಹಾಕಿದ ಹಳೆಯ ಗ್ಯಾಸ್ ಸಿಲಿಂಡರ್. ಮೊದಲ ಗಂಟೆಗೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಬೇಕು. ಮೂರನೆಯದು ಬಾರಿಸುವ ತನಕ ಊರಿನಲ್ಲಿ ಹುಳವೂ ಅಲುಗಾಡಬಾರದು. ಬಸ್ಸು ಬಂದರೆ ಊರಾಚೆ ನಿಲ್ಲಬೇಕು. ಒಮ್ಮೆ ಆಪಿಯಾದ ಮಂತ್ರಿಯೊಬ್ಬರ ಕಾರು ಬಂದಾಗಲೂ ಊರಿನ ತರುಣರು ಕೋಲು ಅಡ್ಡ ಹಿಡಿದು, ಪ್ರಾರ್ಥನೆ ಮುಗಿಯುವ ತನಕ ಸೊಳ್ಳೆ ಕಡಿಸಿದ್ದರು. ಆ ತರುಣರೂ ರಸ್ತೆ ಕಾಯುವಾಗ ಮನೆಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಇನ್ನೊಂದು ಕಟ್ಟಳೆ ಇತ್ತು. ಎರಡನೆಯ ಗಂಟೆಗೂ ಮೂರನೆಯ ಗಂಟೆಗೂ ನಡುವೆ ಕಂಡದ್ದನ್ನು ಯಾರೂ ಸಭೆಗೆ ತರುವಂತಿಲ್ಲ. ತಂದವನು ಕಣ್ಣು ಬಿಟ್ಟಿದ್ದ ಎಂದಾಯಿತಲ್ಲ, ಅವನಿಗೂ ಕಣ್ಣು ಬಿಟ್ಟವರ ದಂಡವೇ. ಈ ಕಟ್ಟಳೆಗಳನ್ನೆಲ್ಲ ಕಾಯುವವನು, ತಪ್ಪಿದವರನ್ನು ಕೋಲೂರಿ ಬೈಯುವವನು ಮೊಲಿಯೊನೇ. ಪಾದ್ರಿಗಿಂತ ಅವನಿಗೇ ಜನ ಹೆಚ್ಚು ಹೆದರುತ್ತಿದ್ದರು.

ಅಂಥ ಮೊಲಿಯೊ ಆ ಸಂಜೆಯೂ, ಎಷ್ಟೋ ವರ್ಷಗಳಿಂದ ಮಾಡುತ್ತ ಬಂದ ಹಾಗೆ, ಎರಡನೆಯ ಗಂಟೆಯಾದ ಸ್ವಲ್ಪ ಹೊತ್ತಿಗೆ ಮೆಲ್ಲಗೆ ಎದ್ದ.

ಅವನ ಹೆಂಡತಿ ಲೇಪೆಕಾ ಕಣ್ಣು ಮುಚ್ಚಿ ಕೀರ್ತನೆ ಹಾಡುತ್ತಿದ್ದಳು. ಡಾಕ್ಟರಮ್ಮ ಹೇಳಿದ ಮೇಲೆ ಲೇಪೆಕಾ ಅವನಿಗೆ ಹಂದಿಮಾಂಸ ನಿಲ್ಲಿಸಿದ್ದಳು, ಡಬ್ಬಿ ದನದ ಮಾಂಸ ನಿಲ್ಲಿಸಿದ್ದಳು, ಎಳೆ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಕಲ್ಲೊಲೆಯಲ್ಲಿ ಬೇಯಿಸುವ ಪಾಲುಸಾಮಿಯನ್ನೂ ನಿಲ್ಲಿಸಿದ್ದಳು. ಬೇಯಿಸಿದ ಕಾಯಿ, ಬೇಯಿಸಿದ ಸೊಪ್ಪು, ಬೇಯಿಸಿದ ಮೀನು. ಆದರೆ ಮನೆಯ ಉಳಿದವರು ತಿನ್ನಬೇಕಲ್ಲ. ಅಡುಗೆ ಗುಡಿಸಲಲ್ಲಿ ಬಾಳೆಎಲೆ ಮುಚ್ಚಿಟ್ಟ ಬುಟ್ಟಿಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಲೇಪೆಕಾಳಿಗೆ ಉದ್ದದ ಕೀರ್ತನೆಗಳೇ ಇಷ್ಟ. ಮೂರನೆಯ ಚರಣಕ್ಕೆ ಹೋಗಿ, ಐದನೆಯ ಚರಣಕ್ಕೆ ಬಾಯಿ ಒರೆಸಿಕೊಂಡು ಬಂದು ಕೂತರೆ ಆಯಿತು.

ಗೋಡೆಯಿಲ್ಲದ ಮನೆಗಳ ಊರಿನಲ್ಲಿ ಇದು ಹೇಗೆ ಸಾಧ್ಯ ಎಂದು ಹೊರಗಿನವರು ಕೇಳಬಹುದು. ಮನೆ ಎಂದರೆ ಕಂಬ ಮತ್ತು ಸೂರು. ಮಳೆ ಹೊಡೆದರೆ ಇಳಿಬಿಡಲು ಗರಿಯ ಚಾಪೆ. ಒಬ್ಬ ಕೆಮ್ಮಿದರೆ ಇನ್ನೊಬ್ಬನ ಮನೆಯಿಂದ ನೀರು ತಂದುಕೊಡುತ್ತಾರೆ. ಆದರೆ ದಾರಿಯಲ್ಲಿ ಹೋಗುವವನು ಕೂತವರ ಮುಂದೆ ಬೆನ್ನು ಬಾಗಿಸಿ, "ತುಲೋ, ತುಲೋ" ಎಂದು ಕ್ಷಮೆ ಕೇಳುತ್ತ, ನೆಲ ನೋಡಿಕೊಂಡು ದಾಟುತ್ತಾನೆ. ಗಂಡ ಹೆಂಡಿರು ಜಗಳವಾಡುವ ಮನೆಯ ಮುಂದೆ ಬಂದವನಿಗೆ ಸಮುದ್ರದಲ್ಲಿ ಏನೋ ತುರ್ತಾಗಿ ನೋಡುವುದಿರುತ್ತದೆ. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು. ಯಾರಿಗೂ ಏನೂ ಕಂಡಿರುತ್ತಿರಲಿಲ್ಲ.

ಮೊಲಿಯೊ ಪಾಲುಸಾಮಿಯ ಒಂದು ದೊಡ್ಡ ತುತ್ತನ್ನು ಬಾಯಿಗಿಟ್ಟ. ಕಣ್ಣು ತಾನಾಗಿಯೇ ಬಯಲಿನ ಕಡೆ ಹೋಯಿತು. ಕಂಬದ ಮೇಲಿನ ಗುಂಡು, ಸೋಂಬೇರಿ ಆಮೆ ಕತ್ತು ಹೊರಳಿಸಿದ ಹಾಗೆ, ಮೆಲ್ಲಮೆಲ್ಲಗೆ ಅವನ ಕಡೆ ತಿರುಗುತ್ತಿತ್ತು. ತಿರುಗಿ ನಿಂತಿತು.

ಅದು ರಸ್ತೆಯನ್ನು ಮಾತ್ರ ನೋಡುತ್ತದೆ ಎಂದುಕೊಂಡಿದ್ದ ಅವನು. ಅದಕ್ಕೆ ಕತ್ತು ಇದೆ ಎಂದು ಯಾರೂ ಹೇಳಿರಲಿಲ್ಲ. ಬಾಯಿ ತುಂಬ ಇದ್ದದ್ದರಿಂದ ನುಂಗಲೂ ಆಗದೆ ಉಗುಳಲೂ ಆಗದೆ, ಬೆನ್ನು ಬಾಗಿಸಿ, "ತುಲೋ" ಎಂದ. ಅದು ಕತ್ತು ಬೇರೆ ಕಡೆ ತಿರುಗಿಸಲಿಲ್ಲ.

ಮರುದಿನದಿಂದ ಮೊಲಿಯೊ ಎರಡನೆಯ ಗಂಟೆಗೆ ಕೂತವನು ಮೂರನೆಯದರ ತನಕ ಏಳಲಿಲ್ಲ. ಲೇಪೆಕಾಳ ಕೀರ್ತನೆಗೆ ಎಷ್ಟು ಚರಣಗಳಿವೆ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಬೇರೆ ದಾರಿಯಿಲ್ಲದೆ ನಿಜವಾಗಿಯೇ ಪ್ರಾರ್ಥನೆ ಮಾಡಿದ. ಇದರಿಂದ ದೇವರಿಗೂ ಕೊಂಚ ಆಶ್ಚರ್ಯವಾಗಿರಬೇಕು.

ಊರಿನ ಉಳಿದವರಿಗೂ ಕಣ್ಣಿನ ಕಾಟ ಬೇರೆ ಬೇರೆ ಬಗೆಯಲ್ಲಿ ಹತ್ತಿತ್ತು. ಕಡಲಂಚಿನ ಸಿಹಿನೀರಿನ ಕೊಳದಲ್ಲಿ ಹೆಂಗಸರು ಮೀಯುವ ಹೊತ್ತಿಗೆ ಗಂಡಸರು ಆ ಕಡೆ ಸುಳಿಯುವುದಿಲ್ಲ. ಈಗ ಮೂರು ಜನ ಮೀಯಬೇಕೆಂದರೆ ಮೂರು ಜನ ಚಾಪೆ ಎತ್ತಿ ಹಿಡಿದು ನಿಲ್ಲಬೇಕಾಯಿತು. ಬಿರುಬಿಸಿಲಲ್ಲೂ ಜನ ಬಯಲಿನ ಕಡೆಯ ಗರಿಚಾಪೆ ಇಳಿಬಿಟ್ಟು ಒಳಗೆ ಬೆಂದರು. ಮುದುಕರು ಬೆನ್ನು ಕೆರೆದುಕೊಳ್ಳಲೂ ಮನೆಯ ಹಿಂದಕ್ಕೆ ಸರಿದರು. ಕಳ್ಳರಿಗೆ ಮಾತ್ರ ತೊಂದರೆಯಾಗಲಿಲ್ಲ. ಅವರು ಚರ್ಚಿನ ಹಿಂಬದಿಯಿಂದ ಬಂದು, ಅದೇ ದಾರಿಯಲ್ಲಿ ಸೆಪುಲೋನನ ಇನ್ನೊಂದು ಹಂದಿಮರಿಯನ್ನು ಹೊತ್ತೊಯ್ದರು.

ಸೆಪುಲೋನ ಕೂಗಾಡಿ ಕಚೇರಿಗೆ ಫೋನು ಮಾಡಿಸಿದ್ದಕ್ಕೆ ಎಟೆವಾಟಿ ಒಂದು ಶುಕ್ರವಾರ ಬಂದ. ಕಂಬದ ಕೆಳಗೆ ಅವನನ್ನು ಮೊದಲು ಹಿಡಿದವಳು ಲೇಪೆಕಾ. ಕೈಯಲ್ಲಿ ಒದ್ದೆ ಬಟ್ಟೆಯ ಬುಟ್ಟಿ ಇತ್ತು. ಅದನ್ನು ಇಳಿಸಲೂ ಇಲ್ಲ.

"ಯಾರಪ್ಪ ಇದರಲ್ಲಿ ನಮ್ಮನ್ನ ನೋಡ್ತಾ ಇರೋದು? ಮುಖ ಆದ್ರೂ ತೋರಿಸ್ಲಿ, ಊಟಕ್ಕೆ ಕರೀತೀವಿ."

"ಯಾರೂ ನೋಡಲ್ಲಮ್ಮ. ಅದರ ಪಾಡಿಗೆ ಅದು ತುಂಬಿಸ್ಕೊಳ್ತಾ ಇರತ್ತೆ. ಬೇಕಾದಾಗ ಮಾತ್ರ ತೆಗೆದು ನೋಡ್ತೀವಿ."

"ಯಾರಿಗೆ ಬೇಕಾದಾಗ?"

ಎಟೆವಾಟಿ ಅಂಗಿಯ ತೋಳು ಸರಿಮಾಡಿಕೊಂಡ. ತಪ್ಪು ಮಾಡದವರು ಹೆದರಬೇಕಾಗಿಲ್ಲ ಎಂದು ಕಚೇರಿಯಲ್ಲಿ ಕಲಿಸಿಕೊಟ್ಟದ್ದನ್ನು ಹೇಳಿದ.

"ಹೌದಾ? ಹೋದ ವರ್ಷ ಪಿಂಚಣಿ ಕೇಳೋಕೆ ಅಂತ ನಿಮ್ಮ ಆಪಿಯಾ ಕಚೇರಿಗಳಿಗೆಲ್ಲ ಅಲೆದಿದ್ದೆ ಮಗ. ಎಲ್ಲಾ ಕಿಟಕಿಗೂ ದಪ್ಪ ಪರದೆ ಹಾಕ್ಕೊಂಡಿದ್ರು. ಪಾಪ, ಅಷ್ಟೊಂದು ತಪ್ಪು ಮಾಡಿದಾರೇನು?"

ಹೀಗೆಂದು ಅವಳು ಬಟ್ಟೆ ಒಣಹಾಕಲು ಹೋದಳು. ಎಟೆವಾಟಿ ಬೆವರೊರೆಸಿಕೊಂಡು ಸೆಪುಲೋನನ ಮನೆಗೆ ಹೋಗಿ, ಫೋನು ತೆರೆದು, ಕಳ್ಳ ಸಿಗುತ್ತಾನೇನೋ ಎಂದು ಹಿಂದಿನ ದಿನಗಳನ್ನೆಲ್ಲ ಉರುಳಿಸತೊಡಗಿದ. ಹಂದಿಮರಿ ಕಳುವಾದ ಹೊತ್ತಿಗೆ ಕಣ್ಣು ಗಾಳಿಗೆ ಅಲ್ಲಾಡುವ ತೆಂಗಿನ ಗರಿಯೊಂದನ್ನು ಅನುಮಾನದಿಂದ ನೋಡುತ್ತ ನಿಂತಿತ್ತು. ಕಳ್ಳ ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಕಂಬ ನೆಟ್ಟ ದಿನದ ಸಂಜೆ ಸಿಕ್ಕಿತು. ಅಡುಗೆ ಗುಡಿಸಲು, ಬಾಳೆಎಲೆ ಎತ್ತಿದ ಬುಟ್ಟಿ, ಉಬ್ಬಿದ ಕೆನ್ನೆಗಳ ಮೊಲಿಯೊ. ಮೂಲೆಯಲ್ಲಿ ಹೊತ್ತು ಕೂಡ ಬರೆದಿತ್ತು.

ಸೆಪುಲೋನನಿಗೆ ಹಂದಿಮರಿಯ ದುಃಖ ಅಲ್ಲೇ ಮರೆತುಹೋಯಿತು. ಅವನೂ ಮಾತುಗಾರರ ಮನೆತನದವನೇ. ಕೋಲು ತನ್ನ ಮನೆಗೆ ಬರಬೇಕಿತ್ತು ಎಂಬುದು ಅವನ ಹಳೆಯ ನೋವು. ಪ್ರಾರ್ಥನೆಯ ಕಟ್ಟಳೆ ಮುರಿದವನು ಆ ಕಟ್ಟಳೆ ಕಾಯುವ ಕೋಲನ್ನು ಹಿಡಿಯುವುದುಂಟೇ? ಕಂಡದ್ದು ಯಂತ್ರ, ತಾನಲ್ಲವಲ್ಲ ಎಂದುಕೊಂಡು ಸೋಮವಾರಕ್ಕೆ ಸಭೆ ಕರೆಸಿದ. ಎಟೆವಾಟಿಯನ್ನೂ ಅಲ್ಲಿಯ ತನಕ ಉಳಿಸಿಕೊಂಡ.

ಸುದ್ದಿ ಮೊಲಿಯೊನಿಗೆ ಮುಟ್ಟಿದ್ದು ಕೊಳದಿಂದ ಬಂದ ಲೇಪೆಕಾಳ ಬಾಯಿಂದ. ಅವನು ಚಾಪೆಯ ಮೇಲೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದ. ಕೈ ನಿಂತಿತು. ಕಳ್ಳನ ಹಾಗೆ ತಿಂದದ್ದು ಊರಿಗೆ ತಿಳಿಯುವುದು ಒಂದು ಕಡೆ. ಕೋಲು ಹೋಗುವುದು ಇನ್ನೊಂದು ಕಡೆ. ಕೋಲಿಲ್ಲದ ಮೊಲಿಯೊ ಎಂದರೆ ಯಾರು ಎಂದು ಅವನಿಗೇ ಗೊತ್ತಿರಲಿಲ್ಲ. ಮಂಡಿನೋವಿನ, ಸಕ್ಕರೆ ಕಾಯಿಲೆಯ ಒಬ್ಬ ಮುದುಕ, ಅಷ್ಟೆ. ಪ್ರಾರ್ಥನೆ ಹೊತ್ತಿನಲ್ಲಿ ತಾನು ಎದ್ದು ಹೋಗುತ್ತಿದ್ದೆ ಎಂದು ಹೆಂಡತಿಗೆ ಹೇಳಿದ.

"ಗೊತ್ತು," ಎಂದಳು ಲೇಪೆಕಾ.

"ಯಾವಾಗಿಂದ?"

"ಶುರುವಿಂದ. ಆ ಬುಟ್ಟಿಲಿ ಇರೋದಕ್ಕೆ ಉಪ್ಪು ಕಮ್ಮಿ ಹಾಕ್ತಾ ಇದ್ದದ್ದು ಯಾಕೆ ಅಂದ್ಕೊಂಡ್ರಿ ಮಾತುಗಾರರೇ? ಕೊಬ್ಬಿನ ತುಂಡೆಲ್ಲ ತೆಗೆದು ಇಡ್ತಿದ್ದೆ. ನೀವು ವಾಪಸ್ಸು ಬಂದು ಕೂತ್ಕೊಳ್ಳೋ ತನಕ ಎಳೀಬೇಕಲ್ಲ, ಒಂದೊಂದು ಸಲ ನಾಲ್ಕನೇ ಚರಣನ ಎರಡು ಸಲ ಹಾಡಿದೀನಿ."

ಮೊಲಿಯೊ ಹೊಸೆಯುತ್ತಿದ್ದ ನಾರನ್ನು ಚಾಪೆಯ ಮೇಲಿಟ್ಟ. ಲೇಪೆಕಾಳೇ ಮುಂದುವರಿಸಿದಳು. ಆ ಪಟ ಮಬ್ಬಾಗಿದೆಯಂತೆ, ಗುಡಿಸಲಲ್ಲಿ ಇದ್ದದ್ದು ನಾನೇ ಎಂದು ಸಭೆಯಲ್ಲಿ ಹೇಳುತ್ತೇನೆ, ಹೆಂಗಸಿಗೆ ಬೈದು ಬಿಡುತ್ತಾರೆ, ಕೋಲು ಉಳಿಯುತ್ತದೆ ಎಂದಳು. ಮೊಲಿಯೊ ತಲೆಯಲ್ಲಾಡಿಸಿದ. ಸುಳ್ಳು ಹೇಳಿ ಉಳಿಸಿಕೊಂಡ ಕೋಲನ್ನು ಊರಿಕೊಂಡು ನಾಳೆ ಏನೆಂದು ಮಾತಾಡುವುದು? ಅದೂ ಅಲ್ಲದೆ, ಆ ಕೆನ್ನೆ ಲೇಪೆಕಾಳದು ಎಂದು ಯಾರೂ ನಂಬುವುದಿಲ್ಲ ಎಂದ. ಅವಳು ನಕ್ಕಳು. ಅವನಿಗೂ ಸ್ವಲ್ಪ ನಗು ಬಂತು.

ಭಾನುವಾರ ಚರ್ಚಿನಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರಿಗೂ ಸಮುದ್ರದಲ್ಲಿ ಏನೋ ನೋಡುವುದಿತ್ತು.

ಸೋಮವಾರ ಬೆಳಿಗ್ಗೆ ಸಭೆಮನೆಯಲ್ಲಿ ಯಜಮಾನರೆಲ್ಲ ಅವರವರ ಕಂಬಕ್ಕೆ ಒರಗಿ ಕೂತರು. ತಲೆಕಡೆಯ ಕಂಬಕ್ಕೆ ಊರಿನ ದೊಡ್ಡ ಯಜಮಾನ ಆಸೊವೇಲೆ. ಅವನು ಎಷ್ಟು ಹಣ್ಣಾಗಿದ್ದನೆಂದರೆ, ಸಭೆಯಲ್ಲಿ ನಿದ್ದೆ ಮಾಡುತ್ತಿದ್ದಾನೋ ಯೋಚನೆ ಮಾಡುತ್ತಿದ್ದಾನೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಎಟೆವಾಟಿ ಅತಿಥಿಗಳ ಕಡೆಯಲ್ಲಿ ಕಾಲು ಮಡಿಸಿ ಕೂತಿದ್ದ. ಆಪಿಯಾದ ಕುರ್ಚಿಯ ಅಭ್ಯಾಸದಿಂದ ಕಾಲು ಜೋಮು ಹಿಡಿದು ಆಗಾಗ ಮುಖ ಕಿವುಚುತ್ತಿದ್ದ. ಹೊರಗೆ ಮಾವಿನ ಮರದ ಕೆಳಗೆ ಹೆಂಗಸರು ಬುಟ್ಟಿ ಹೆಣೆಯುವ ನೆಪದಲ್ಲಿ ಕೂತಿದ್ದರು. ಆವತ್ತು ಒಂದು ಬುಟ್ಟಿಯೂ ಮುಗಿಯಲಿಲ್ಲ.

ಸೆಪುಲೋನ ಎದ್ದು, ತನಗೆ ದುಃಖವಾಗುತ್ತಿದೆ ಎಂಬುದನ್ನು ತುಂಬಾ ಹೊತ್ತು ಹೇಳಿದ. ಆಮೇಲೆ ಫೋನನ್ನು ಪಕ್ಕದವನ ಕೈಗೆ ಕೊಟ್ಟ. ಅದು ಕೈಯಿಂದ ಕೈಗೆ ದಾಟಿತು. ಒಬ್ಬೊಬ್ಬರೂ ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಒಬ್ಬ ಕನ್ನಡಕ ತರಿಸಿಕೊಂಡ, ಒಬ್ಬ ಬೆರಳಿಟ್ಟು ದೊಡ್ಡದು ಮಾಡಿ, ಪಾಲುಸಾಮಿಯೋ ಬರೀ ಸೊಪ್ಪೋ ಎಂದು ವಿಚಾರಿಸಿದ. ಆಸೊವೇಲೆಯ ಕೈಗೆ ಬಂದಾಗ ಅವನು ಅದನ್ನು ಬೋರಲಾಗಿ ಚಾಪೆಯ ಮೇಲಿಟ್ಟ.

"ಇದು ನೀನಾ?" ಎಂದು ಕೇಳಿದ.

ಮೊಲಿಯೊ ಎದ್ದು ನಿಂತ. ಕೋಲನ್ನು ಎತ್ತಿಕೊಳ್ಳಲಿಲ್ಲ, ತನ್ನ ಕಂಬಕ್ಕೆ ಒರಗಿಸಿಯೇ ಬಿಟ್ಟ. ಅದು ಕೈಯಲ್ಲಿಲ್ಲದ್ದಕ್ಕೆ ಕೈ ಎಲ್ಲಿಡಬೇಕೋ ತಿಳಿಯದೆ ಹೊಟ್ಟೆಯ ಮೇಲಿಟ್ಟುಕೊಂಡ.

"ನಾನೇ. ಪಾಲುಸಾಮಿನೇ. ಅದೊಂದೇ ದಿನ ಅಲ್ಲ."

ಸೆಪುಲೋನ ಇಷ್ಟು ಸುಲಭದಲ್ಲಿ ಮುಗಿಯುತ್ತದೆಂದು ಎಣಿಸಿರಲಿಲ್ಲ. ಮನೆಯಲ್ಲಿ ಕಟ್ಟಿಕೊಂಡು ಬಂದಿದ್ದ ವಾದವೆಲ್ಲ ಅವನ ಬಾಯಲ್ಲೇ ಉಳಿಯಿತು. ಮೊಲಿಯೊ ಮುಂದುವರಿಸಿದ. ತನಗೆ ಏನು ದಂಡ ಹಾಕಿದರೂ ತಲೆಬಾಗುತ್ತೇನೆ, ಇತರರಿಗೆ ಹಾಕಿದ ದಂಡವನ್ನು ತಾನೂ ತೆರುವುದು ನ್ಯಾಯವೇ ಎಂದ. ಆದರೆ ಸಭೆ ತೀರ್ಪು ಕೊಡುವ ಮೊದಲು ಒಂದು ಕೇಳುವುದಿದೆ, ಇದು ಎರಡನೆಯ ಗಂಟೆಗೂ ಮೂರನೆಯ ಗಂಟೆಗೂ ನಡುವೆ ಕಂಡದ್ದು ತಾನೇ ಎಂದ. ಪಟದ ಮೂಲೆಯಲ್ಲೇ ಬರೆದಿದೆ ಎಂದು ಸೆಪುಲೋನ ಸಂತೋಷದಿಂದ ಒಪ್ಪಿಕೊಂಡ.

"ಹಾಗಾದ್ರೆ ಆ ಹೊತ್ತಲ್ಲಿ ಕಣ್ಣು ಬಿಟ್ಕೊಂಡಿದ್ದೋರು ಇಬ್ಬರಾದ್ವಿ. ನಾನೊಬ್ಬ. ಇನ್ನೊಬ್ಬ ಅಲ್ಲಿ ಮೇಲಿದಾನೆ," ಎಂದು ಮೊಲಿಯೊ ಗಲ್ಲ ಎತ್ತಿ ಬಯಲಿನ ಕಡೆ ತೋರಿಸಿದ.

ಎಲ್ಲರೂ ತಿರುಗಿ ನೋಡಿದರು. ಕಣ್ಣು ಆಗ ಕೋಳಿಯೊಂದನ್ನು ನೋಡುತ್ತಿತ್ತು.

ಎಟೆವಾಟಿಗೆ ನಗು ಬಂತು. ಬೇರೆ ಯಾರೂ ನಗುತ್ತಿಲ್ಲವೆಂದು ಕಂಡು ನುಂಗಿಕೊಂಡ. "ಯಜಮಾನ್ರೇ, ಅದು ಯಂತ್ರ. ಅದಕ್ಕೆ ಪ್ರಾರ್ಥನೆ, ಕಟ್ಟಳೆ ಎಲ್ಲಾ ಎಲ್ಲಿಂದ ಬರಬೇಕು?"

"ಯಂತ್ರ ಅಂದ್ರೆ ಒಳ್ಳೇದು. ಹಾಗಾದ್ರೆ ಅದರ ಮಾತು ಈ ಸಭೆಗೆ ಬೇಡ. ಹುಲ್ಲು ಕತ್ತರಿಸೋ ಯಂತ್ರ ಬಂದು ನನ್ನ ಮೇಲೆ ಚಾಡಿ ಹೇಳಿದ್ರೆ ನೀವು ಕೇಳ್ತೀರಾ? ಇಲ್ಲ, ಸಾಕ್ಷಿ ಅಂತೀರೋ, ಆಗ ಅವನು ನಮ್ಮೊಳಗೊಬ್ಬ. ಅವನ ಹೆಸರು ಕೂಗಿ ಆವ ಕೊಟ್ಟಿದೀವಿ. ಕುಡಿದೂ ಆಗಿದೆ."

"ಕುಡಿದದ್ದು ನಾನು," ಎಂದ ಎಟೆವಾಟಿ.

"ಯಾರ ಬಟ್ಟಲು ಅದು?"

ಎಟೆವಾಟಿ ಜೋಮು ಹಿಡಿದ ಕಾಲು ಬದಲಿಸಿದ. ಅವನೂ ಅಲ್ಲಿಯ ನೀರು ಕುಡಿದು ಬೆಳೆದವನೇ. ಇನ್ನೊಬ್ಬರ ಬಟ್ಟಲನ್ನು ತನ್ನದೆಂದು ಕುಡಿದೆ ಎಂದರೆ ಏನಾಗುತ್ತದೆ ಎಂದು ಬಲ್ಲ.

ಮೊಲಿಯೊನಿಗೆ ಈಗ ಕೋಲಿಲ್ಲದ್ದೂ ಮರೆತುಹೋಗಿತ್ತು. ಈ ಊರಿನಲ್ಲಿ ಒರಗಲು ಕಂಬ ಇರುವುದು ಯಜಮಾನರಿಗೆ ಮಾತ್ರ, ನಿನ್ನೆ ಮೊನ್ನೆ ಬಂದವನಿಗೆ ಎಲ್ಲರಿಗಿಂತ ಎತ್ತರದ ಕಂಬ ಕೊಟ್ಟೆವು ಎಂದ. ದೊಡ್ಡ ಯಜಮಾನರು ಕೂತಿರುವಾಗ ಅವರ ತಲೆಗಿಂತ ಮೇಲೆ ನಿಲ್ಲಲು ಹೆತ್ತ ಮಗನೂ ಹೆದರುತ್ತಾನೆ, ಇವನು ಹಗಲೂ ರಾತ್ರಿ ನಿಂತಿದ್ದಾನೆ ಎಂದ. ರಸ್ತೆ ಕಾಯುವ ನಮ್ಮ ಹುಡುಗರು ಮನೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ, ಇವನಿಗೆ ಬೆನ್ನೇ ಇಲ್ಲ ಎಂದ. ಆಮೇಲೆ ಧ್ವನಿ ತಗ್ಗಿಸಿದ.

"ನಾನು ತಿಂತಿದ್ದದ್ದು ಈ ಊರಲ್ಲಿ ಯಾರಿಗೆ ಗೊತ್ತಿರ್ಲಿಲ್ಲ ಹೇಳಿ. ಅಕ್ಕಪಕ್ಕದ ಮನೆಗಳಿಗೆ ಗೋಡೆ ಇದೆಯಾ? ಎಲ್ಲರೂ ನೋಡಿದೀರಿ. ನೋಡಿ, ಬಿಟ್ಟಿದೀರಿ. ಮುದುಕ, ಹೋಗ್ಲಿ ಅಂತ. ಇವನಿಗೆ ನೋಡೋದು ಗೊತ್ತು. ಬಿಡೋದು ಗೊತ್ತಿಲ್ಲ. ಅದಕ್ಕೆ ನಂಗೆ ಭಯ."

ಮಾವಿನ ಮರದ ಕೆಳಗೆ ಯಾರೋ ಮೂಗೆಳೆದುಕೊಂಡರು. ಲೇಪೆಕಾ ಅಲ್ಲ, ಅವಳು ಬುಟ್ಟಿಯ ಒಂದೇ ಎಳೆಯನ್ನು ಹಾಕುತ್ತ, ಬಿಚ್ಚುತ್ತ ಕೂತಿದ್ದಳು.

ಆಸೊವೇಲೆ ಕಣ್ಣು ತೆರೆದ. ಎಟೆವಾಟಿಯ ತಾತನ ಊರು ಯಾವುದೆಂದು ಕೇಳಿದ. ಎಟೆವಾಟಿ ದ್ವೀಪದ ಆ ಬದಿಯ ಒಂದು ಊರಿನ ಹೆಸರು ಹೇಳಿದ. ಚಿಕ್ಕಂದಿನಲ್ಲಿ ಅಲ್ಲಿಯೇ ಇದ್ದೆ ಎಂದ.

"ಸಂಜೆ ಗಂಟೆ ಬಾರಿಸ್ದಾಗ ಏನು ಮಾಡ್ತಿದ್ದೆ?"

"ಕೂತ್ಕೋತಿದ್ದೆ, ತಾತ."

"ಕಣ್ಣು?"

ಎಟೆವಾಟಿ ಚಾಪೆ ನೋಡಿದ. "ಒಂದು ಮುಚ್ಚಿರ್ತಿತ್ತು," ಎಂದ.

ಆಗ ಸಭೆ ನಕ್ಕಿತು. ಕಂಬಕ್ಕೆ ಒರಗಿದ್ದವರ ಹೊಟ್ಟೆಗಳು ಕುಲುಕಿದವು, ಸೂರಿನಲ್ಲಿದ್ದ ಹಲ್ಲಿ ಓಡಿಹೋಯಿತು. ಮರದ ಕೆಳಗಿನ ಹೆಂಗಸರು ನಗೆಗೂ ಒಂದು ನೆಪ ಬೇಕೆಂದು ಯಾವುದೋ ಮಗುವನ್ನು ಕರೆದು ಮುದ್ದಿಸಿದರು. ಎಟೆವಾಟಿಯ ಮುಖವೂ ಬಂದಾಗಿನಿಂದ ಮೊದಲ ಸಲ ಮನುಷ್ಯರ ಮುಖದಂತಾಯಿತು.

ನಗು ನಿಂತ ಮೇಲೆ ಆಸೊವೇಲೆ ತೀರ್ಪು ಹೇಳಿದ. ಪ್ರಾರ್ಥನೆ ಹೊತ್ತಿನಲ್ಲಿ ಎದ್ದು ಅಲೆದ ಯಜಮಾನನಿಗೆ ಹಿಂದಿನಿಂದ ಇರುವ ಶಿಕ್ಷೆ ಊರು ಬಿಡುವುದು. ಅದನ್ನು ಇಬ್ಬರಿಗೂ ಹಾಕಿದ. ಮೊಲಿಯೊ ತನ್ನ ತಂಗಿಯ ಊರಿಗೆ ಹೋಗಿ, ಈ ಫಸಲಿನ ದೀವಿಹಲಸು ಮುಗಿಯುವ ತನಕ ಅಲ್ಲಿರಬೇಕು. ಕಂಬದ ಮೇಲಿನವನು ಹೋಗಬೇಕು. ಬೆನ್ನು ಬಾಗಿಸಲು ಕಲಿತ ದಿನ ವಾಪಸ್ಸು ಬರಬಹುದು.

ಕೋಲಿನ ಮಾತು ಉಳಿಯಿತು. ಸೆಪುಲೋನ ಆಗಲೇ ಅರ್ಧ ಎದ್ದಿದ್ದ.

"ಕೂತ್ಕೋ," ಎಂದ ಆಸೊವೇಲೆ. "ಆ ಪಟ ಯಾವ ಹೊತ್ತಿಂದು? ಪ್ರಾರ್ಥನೆ ಹೊತ್ತಿಂದು. ಅದನ್ನ ನೋಡಿದೋರೆಲ್ಲ ಪ್ರಾರ್ಥನೆ ಹೊತ್ತನ್ನ ಕಣ್ಣು ಬಿಟ್ಟು ನೋಡಿದ ಹಾಗೇನೇ. ಕನ್ನಡಕ ತರಿಸ್ಕೊಂಡು ನೋಡಿದೋರೂ ಇದಾರೆ. ನೋಡದೆ ಇದ್ದೋನು ನಾನೊಬ್ಬ."

ಯಜಮಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಮೇಲೂ ಡಬ್ಬಿ ಮೀನಿನ ದಂಡ ಬಿತ್ತು. ತಂದು ತೋರಿಸಿದ ಸೆಪುಲೋನನ ಮೇಲೆ ಅದರ ಜೊತೆಗೆ ಒಂದು ಹಂದಿ. ಹಂದಿ ಎಂದು ಕೇಳಿ ಅವನು ಕಣ್ಣೊರೆಸಿಕೊಂಡ. ಕೋಲು ಮೊಲಿಯೊನ ಕಂಬಕ್ಕೆ ಒರಗಿದಲ್ಲಿಯೇ ಇ‌ರಲಿ, ಅವನು ಬರುವ ತನಕ ಯಾರೂ ಮುಟ್ಟಬಾರದು, ಅಲ್ಲಿಯ ತನಕ ಊರು ಮಾತು ಕಡಿಮೆ ಆಡಲಿ ಎಂದ ಆಸೊವೇಲೆ. ಹಾಗೆಂದು ಮತ್ತೆ ಕಣ್ಣು ಮುಚ್ಚಿದ.

ಮೊಲಿಯೊ ಬಹಳ ಹೊತ್ತು ನಿಂತೇ ಇದ್ದ. ಆಮೇಲೆ ಮಂಡಿ ನೋವು ನೆನಪಾಗಿ ಕೂತ.

ಎಟೆವಾಟಿಯ ಚಿಂತೆ ಬೇರೆ. ಕಚೇರಿಗೆ ಏನೆಂದು ಹೇಳುವುದು? ಗಾಳಿಗೆ ಬಿತ್ತು ಎನ್ನೋಣವೇ, ಸಿಡಿಲು ಹೊಡೆಯಿತು ಎನ್ನೋಣವೇ ಎಂದು ಮಂಗಳವಾರವೆಲ್ಲ ಕೇಳಿಕೊಂಡು ತಿರುಗಿದ. ಊರಿನವರು ಒಬ್ಬರೂ ಒಪ್ಪಲಿಲ್ಲ. ಸುಳ್ಳು ಯಾಕೆ, ಊರಿನ ಸಭೆ ಗಡೀಪಾರು ಮಾಡಿತು ಎಂದು ಹೇಳು, ಬೇಜಾರಾದರೆ ಅವರೇ ಬಂದು ಕೇಳಲಿ, ಬರುವಾಗ ಬಾಗಿಕೊಂಡು ಬರಲಿ ಎಂದರು. ತರುಣರು ಏಣಿ ಹಾಕಿ ಗುಂಡನ್ನು ಬಿಚ್ಚಿದರು. ಬಿಚ್ಚುವ ಮೊದಲು ಒಬ್ಬ ಅದರ ಮುಖಕ್ಕೆ ಬಟ್ಟೆ ಮುಚ್ಚಿದ. ಹೋಗುವವನನ್ನು ಅವಮಾನ ಮಾಡಬಾರದಲ್ಲ. ಎಷ್ಟೆಂದರೂ ಆವ ಕುಡಿದವನು ಎಂದು ಹೆಂಗಸರು ಅದನ್ನು ಸುತ್ತಲು ಒಂದು ಒಳ್ಳೆಯ ಚಾಪೆಯನ್ನೇ ಕೊಟ್ಟರು. ಅಂದು ಸಂಜೆ ಕೊಳದ ಹತ್ತಿರ ಯಾರೂ ಚಾಪೆ ಎತ್ತಿ ಹಿಡಿಯಲಿಲ್ಲ.

ಬುಧವಾರ ಬೆಳಿಗ್ಗೆ ಕಚೇರಿಯ ಪಿಕಪ್ ಗಾಡಿ ಬಯಲಿಗೆ ಬಂತು. ದೋಣಿಕಟ್ಟೆಗೆ ಹೋಗುವ ದಾರಿಯಲ್ಲೇ ಮೊಲಿಯೊನ ತಂಗಿಯ ಊರು. ಬಸ್ಸಿಗೆ ಯಾಕೆ ಕಾಯುತ್ತೀರಿ, ಹತ್ತಿ ಎಂದು ಎಟೆವಾಟಿಯೇ ಕರೆದ. ಹಿಂದುಗಡೆ ಹಾಕಿದರೆ ಕುಲುಕಿ ಒಡೆದೀತು ಎಂದು ಚಾಪೆಯ ಗಂಟನ್ನು ಮೊಲಿಯೊನ ತೊಡೆಯ ಮೇಲೆ ಇಟ್ಟ. ಲೇಪೆಕಾ ಕಿಟಕಿಯಲ್ಲಿ ಊಟದ ಬುಟ್ಟಿ ಕೊಟ್ಟಳು. ಬೇಯಿಸಿದ ಕಾಯಿ, ಬೇಯಿಸಿದ ಸೊಪ್ಪು, ಬೇಯಿಸಿದ ಮೀನು. ನಾದಿನಿಗೆ ಎಲ್ಲ ಹೇಳಿ ಕಳಿಸಿದ್ದೇನೆ, ಅಲ್ಲಿ ಪ್ರಾರ್ಥನೆಗೆ ಹಾಡುವ ಕೀರ್ತನೆ ಬಹಳ ಚಿಕ್ಕದು ಎಂದಳು. ಅವನು ಅವಳ ಕೈಯನ್ನು ಬುಟ್ಟಿಯ ಜೊತೆಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ದಾರಿಯಲ್ಲಿದ್ದವರೆಲ್ಲ ಸಮುದ್ರ ನೋಡಿದರು.

ಹೀಗೆ ಆ ಬುಧವಾರ, ಮಳೆ ಶುರುವಾಗುವ ಮುಂಚೆ, ಸಾಲೆಫುಟಿಯಿಂದ ಒಂದೇ ಗಾಡಿಯಲ್ಲಿ ಮೂವರು ಹೋದರು: ಮುಂದೆ ಎಟೆವಾಟಿ, ಪಕ್ಕದಲ್ಲಿ ಮೊಲಿಯೊ, ಮೊಲಿಯೊನ ತೊಡೆಯ ಮೇಲೆ ಕಣ್ಣು ಮುಚ್ಚಿಕೊಂಡು ಅವನು.